ಆಂಟಿಟಾಕ್ಸಿನ್ ರಿವ್ಯೂ: ಕೆಲಸ ಪಕ್ಕಾ, ತಡವಾದರೆ ಮಾತ್ರ ಕಷ್ಟ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಮಾಡಿದೆ ಅಂತ ಆಮೇಲೆ ಹೇಳುತ್ತೇನೆ.

ಆಂಟಿಟಾಕ್ಸಿನ್ ಅಂದರೆ ರೋಗಾಣು ಬಿಡುವ ವಿಷವನ್ನು ಹಿಡಿದು ಅದರ ಆಟ ನಿಲ್ಲಿಸುವ ಔಷಧಿ. 1890ರಲ್ಲಿ ವಿಜ್ಞಾನಿಗಳಾದ ಬೆಹ್ರಿಂಗ್ ಮತ್ತು ಕಿಟಸಾಟೊ ತೋರಿಸಿಕೊಟ್ಟ ದಾರಿ ಇದು, ಮೂಲ ವಿಧಾನ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ರೋಗಾಣುವಿನ ವಿಷದ ಶಕ್ತಿ ಕುಂದಿಸಿ ಕುದುರೆಗೆ ಮತ್ತೆ ಮತ್ತೆ ಚುಚ್ಚುತ್ತಾರೆ, ಅದರ ರಕ್ತದಲ್ಲಿ ಆ ವಿಷವನ್ನು ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ, ಅವನ್ನು ಬೇರ್ಪಡಿಸಿ, ಶುದ್ಧ ಮಾಡಿ ಬಾಟಲಿಗೆ ತುಂಬುತ್ತಾರೆ. ನಮ್ಮ ಮೈ ವಾರಗಟ್ಟಲೆ ಹೆಣಗಬೇಕಾದ ಕೆಲಸ, ರೆಡಿಮೇಡ್ ಆಗಿ ಸಿಗುತ್ತದೆ.

ಆದರೆ ಇದು ಹಿಡಿಯುವುದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ. ನರದೊಳಗೆ ಹೊಕ್ಕ ವಿಷವನ್ನು ಹೊರಗೆಳೆಯುವುದಿಲ್ಲ. ಕೆಟ್ಟ ಡಬ್ಬಿ ಆಹಾರದಿಂದ ಬರುವ, ಸ್ನಾಯುಗಳು ಸೋತುಹೋಗುವ ಬಾಟ್ಯುಲಿಸಂ ನೋಡಿ: ಆಂಟಿಟಾಕ್ಸಿನ್ ಕೊಟ್ಟರೆ ಸ್ನಾಯುಗಳ ಸೋಲು ಮುಂದಕ್ಕೆ ಹರಡುವುದು ನಿಲ್ಲುತ್ತದೆ, ಆಗಲೇ ಸೋತ ಸ್ನಾಯು ಸರಿಹೋಗಲು ನರದ ತುದಿಗಳು ಹೊಸದಾಗಿ ಚಿಗುರಬೇಕು, ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು, ಅಲ್ಲಿಯವರೆಗೆ ವೆಂಟಿಲೇಟರ್ ಬೇಕಾಗಬಹುದು. "ಇಂಜೆಕ್ಷನ್ ಕೊಟ್ಟರೂ ರೆಪ್ಪೆ ಮೇಲೇಳುತ್ತಿಲ್ಲ" ಅಂತ ಔಷಧಿಯನ್ನು ಬೈಯುವುದು ಸರಿಯಲ್ಲ. ಗಂಟಲಮಾರಿಯಲ್ಲೂ ಇದೇ ಕಥೆ, ಅದಕ್ಕೇ ಡಾಕ್ಟರುಗಳು ಲ್ಯಾಬ್ ರಿಪೋರ್ಟಿಗೆ ಕಾಯದೆ, ಅನುಮಾನ ಬಲವಾಗಿದ್ದರೆ ಶುರು ಮಾಡಿಬಿಡುತ್ತಾರೆ. ಜೊತೆಗೆ ಆಂಟಿಬಯೋಟಿಕ್ ಕೂಡ ಬೇಕು. ಅದು ರೋಗಾಣುವನ್ನು ಕೊಲ್ಲುತ್ತದೆ, ಈಗಾಗಲೇ ಸುರಿದ ವಿಷಕ್ಕೆ ಏನೂ ಮಾಡುವುದಿಲ್ಲ.

ತಡೆಗಟ್ಟಲು ಬಳಸುವುದೂ ಉಂಟು. ಆಳವಾದ, ಮಣ್ಣು ಮೆತ್ತಿದ ಗಾಯ, ಲಸಿಕೆ ಸರಿಯಾಗಿ ಆಗಿಲ್ಲ ಅಂದರೆ ಧನುರ್ವಾಯು ಬರದ ಹಾಗೆ ಮನುಷ್ಯರ ರಕ್ತದಿಂದ ತೆಗೆದ ಇಮ್ಯುನೋಗ್ಲಾಬ್ಯುಲಿನ್ (ರೆಡಿಮೇಡ್ ಪ್ರತಿಕಾಯ) ಕೊಡುತ್ತಾರೆ, ಸಾಮಾನ್ಯವಾಗಿ 250 ಯೂನಿಟ್. ಅದೇ ಹೊತ್ತಿಗೆ ಬೇರೆ ಜಾಗಕ್ಕೆ ಲಸಿಕೆಯನ್ನೂ ಹಾಕುತ್ತಾರೆ. ಮೊದಲನೆಯದು ತಕ್ಷಣ ಕೆಲಸ ಮಾಡಿ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ, ಎರಡನೆಯದು ನಿಧಾನ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಎಲ್ಲರೂ ಟಿಟಿ ಟಿಟಿ ಅನ್ನುವುದು ಈ ಎರಡನೆಯದನ್ನು, ಬಹಳ ಜನ ಎರಡೂ ಒಂದೇ ಅಂದುಕೊಂಡಿರುತ್ತಾರೆ.

ಈಗ ಆ ಒಂದು ಸ್ಟಾರ್. ಕುದುರೆಯ ಪ್ರೋಟೀನ್ ಕೆಲವರ ಮೈಗೆ ಒಗ್ಗುವುದಿಲ್ಲ. ಕೊಟ್ಟ ಕೂಡಲೇ ಜೋರು ಅಲರ್ಜಿ ಆಗಬಹುದು, ಹಾಗಾಗಿ ಅದನ್ನು ತಡೆಯುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇರಬೇಕು. ಒಂದೆರಡು ವಾರ ಬಿಟ್ಟು ಜ್ವರ, ಮೈಮೇಲೆ ಗಂಧೆ, ಕೀಲುನೋವು ಬಂದರೂ ಇದರದ್ದೇ ಅಡ್ಡಪರಿಣಾಮ ಇರಬಹುದು. ತಯಾರಿಕೆಯಲ್ಲಿ ಎಡವಟ್ಟಾದರಂತೂ ಕೇಳಲೇಬೇಡಿ: 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಿಮ್ ಎಂಬ ಕುದುರೆಗೆ ಧನುರ್ವಾಯು ತಗುಲಿತ್ತು, ಅದರ ಸೀರಂ (ರಕ್ತದ ತಿಳಿಭಾಗ, ಆಂಟಿಟಾಕ್ಸಿನ್ ಇರುವುದು ಇದರಲ್ಲೇ) ಪಡೆದ 13 ಮಕ್ಕಳು ತೀರಿಕೊಂಡರು. ಮರುವರ್ಷವೇ ಅಲ್ಲಿ ಇಂಥ ಔಷಧಿಗಳ ತಯಾರಿಕೆಗೆ ಕಾನೂನು ಬಂತು.

ಇನ್ನೊಂದು ವಿಷಯ, ಒಂದು ವಿಷಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕೀಟನಾಶಕ ಕುಡಿದವರಿಗೆ ಇದನ್ನು ಕೇಳಿ ಪ್ರಯೋಜನವಿಲ್ಲ, ಅದಕ್ಕೆ ಚಿಕಿತ್ಸೆಯೇ ಬೇರೆ. ಆಸ್ಪತ್ರೆಗೆ ಹೋದಾಗ ಮೊದಲ ಲಕ್ಷಣ ಎಷ್ಟು ಹೊತ್ತಿಗೆ ಕಾಣಿಸಿತು, ಯಾವ ಲಸಿಕೆ ಆಗಿದೆ, ಹಿಂದೆ ಕುದುರೆ ಸೀರಂ ತಗೊಂಡಿದ್ದು ಉಂಟಾ, ಇಷ್ಟನ್ನು ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ.