ಜೇಬಿಗೆ ಯಾವುದು, ಡಿಕ್ಕಿಗೆ ಯಾವುದು?

ನಮ್ಮ ತೋಟ ಶ್ರೀನಿವಾಸಪುರದ ಹತ್ತಿರ. ಮಾವು ಇದೆ, ಪಕ್ಕದಲ್ಲೇ ಟೊಮ್ಯಾಟೊ. ಡ್ರಿಪ್ ಪೈಪು ಒಡೆದಾಗ ಮನೆಗೆ ಹೋಗಿ ಚಾಕು ತರೋಷ್ಟರಲ್ಲಿ ಕರೆಂಟು ಹೋಗಿರುತ್ತೆ. ಅದಕ್ಕೇ ಒಂದು ವರ್ಷದಿಂದ ಮೂರು ಥರ ಇಟ್ಟುಕೊಂಡು ನೋಡಿದೆ: ಮಲ್ಟಿಟೂಲ್, ಮಡಚೋ ಚಾಕು, ಗಾಡಿ ಡಿಕ್ಕಿಯಲ್ಲಿ ಟೆಸ್ಟರ್ ಮತ್ತು ಕಟಿಂಗ್ ಪ್ಲೇಯರ್ ಹಾಕಿದ ಬಟ್ಟೆ ಚೀಲ.

ಮಲ್ಟಿಟೂಲ್ ಮೇಲೆ ನನಗೆ ತುಂಬಾ ಆಸೆ ಇತ್ತು. ಪ್ಲೇಯರ್, ಬ್ಲೇಡು, ಸ್ಕ್ರೂಡ್ರೈವರ್ ಎಲ್ಲಾ ಒಂದರಲ್ಲೇ. ಆದರೆ ಸುಮಾರು ಕಾಲು ಕೆ.ಜಿ. ತೂಕ, ಬೆಲ್ಟಿಗೆ ಸಿಕ್ಕಿಸಿಕೊಂಡು ಬಗ್ಗಿದರೆ ಸೊಂಟಕ್ಕೆ ಒತ್ತುತ್ತೆ. ಕೀಲಿನೊಳಗೆ ಕೆಮ್ಮಣ್ಣು ಕೂತರೆ ಎರಡು ಕೈಯಲ್ಲಿ ಎಳೆದರೂ ಬಿಚ್ಚಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಿಡಿ ಪೂರ್ತಿ ಸ್ಟೀಲು. ಮೋಟಾರ್ ಸ್ಟಾರ್ಟರ್ ಡಬ್ಬಿಯಲ್ಲಿ ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400 ವೋಲ್ಟ್ ಆಸುಪಾಸು ಇರುತ್ತೆ. ಅಲ್ಲಿಗೆ ಇದನ್ನು ದಯವಿಟ್ಟು ಒಯ್ಯಬೇಡಿ.

ಆ ಜಾಗದಲ್ಲಿ ಕರೆಂಟು ಇದೆಯಾ ಅಂತ ನೋಡೋಕೆ ಟೆಸ್ಟರೇ ಬೇಕು. ಒಳಗೆ ಪುಟ್ಟ ನಿಯಾನ್ ಬಲ್ಬು, ಅದರ ಜೊತೆ ಒಂದು ರೆಸಿಸ್ಟರ್. ನಮ್ಮ ಮೈಯಲ್ಲಿ ಹರಿಯೋದು ಗೊತ್ತೇ ಆಗದಷ್ಟು ಕರೆಂಟು. ಬಿಸಿಲಿನಲ್ಲಿ ಆ ಬೆಳಕು ಕಾಣಲ್ಲ, ಅಂಗೈ ಅಡ್ಡ ಹಿಡಿದು ನೋಡಬೇಕು. ಮೊದಲು ಕರೆಂಟು ಇರೋ ಕಡೆ ಇಟ್ಟು, ಉರಿಯುತ್ತಾ ಅಂತ ಖಾತ್ರಿ ಮಾಡಿಕೊಳ್ಳಿ. ಉರೀಲಿಲ್ಲ ಅಂತ ಸುಮ್ನೆ ತಂತಿಗೆ ಕೈ ಹಾಕಬೇಡಿ. ಮೇನ್ ಆಫ್ ಮಾಡಿಯೇ ಮುಟ್ಟಿ.

ಚಾಕುವಿನಲ್ಲಿ ಎರಡು ನೋಡಿದೆ. ಕುಲುಮೆಯಲ್ಲಿ ಮಾಡಿಸಿದ್ದು ಸಾಣೆಕಲ್ಲಿಗೆ ನಾಲ್ಕು ಸಲ ಎಳೆದರೆ ಸಾಕು, ಹರಿತ ಬರುತ್ತೆ. ಆದರೆ ಮಾವಿನ ಸೊನೆ ತಾಗಿದರೆ ಕಪ್ಪಾಗುತ್ತೆ, ಒರೆಸದೆ ಇಟ್ಟರೆ ತುಕ್ಕು. ಸ್ಟೇನ್‌ಲೆಸ್ ಚಾಕುವಿಗೆ ಆ ಕಾಟ ಕಡಿಮೆ, ಸಾಣೆಗೆ ಮಾತ್ರ ಜಾಸ್ತಿ ಹೊತ್ತು ಬೇಕು. ನಾನು ಮೊದಲು ತಂದಿದ್ದಕ್ಕೆ ಲಾಕ್ ಇರಲಿಲ್ಲ. ಗಟ್ಟಿ ಹಗ್ಗ ಕೊಯ್ಯುವಾಗ ಅದು ತೋರುಬೆರಳ ಮೇಲೆ ಮಡಚಿಕೊಂಡಿತು. ಗಾಯದ ಗುರುತು ಇನ್ನೂ ಇದೆ. ಈಗ ಇರೋದು ಲಾಕ್ ಇರೋ ಸ್ಟೇನ್‌ಲೆಸ್, ಅಂಗೈ ಅಗಲದ್ದು.

ದಿನಾ ಕೈಗೆ ಬರೋದು ಇದೇ. 16 ಎಂಎಂ ಡ್ರಿಪ್ ಪೈಪನ್ನು ಅಳಿಲು ಕಡಿದಿರುತ್ತೆ ಅಲ್ವಾ, ಆ ಭಾಗ ತೆಗೆದು ಜಾಯಿನರ್ ಹಾಕಬೇಕು. ಪೈಪನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಒಂದೇ ಏಟಿಗೆ ನೇರ ಕೊಯ್ದರೆ ಜಾಯಿನರ್ ಬಿಗಿಯಾಗಿ ಕೂರುತ್ತೆ. ಓರೆಯಾದರೆ ಸಂದಿಯಲ್ಲಿ ನೀರು ಜಿನುಗುತ್ತೆ. ಮಲ್ಟಿಟೂಲಿನ ಗಿಡ್ಡ ಬ್ಲೇಡಿನಲ್ಲಿ ನನಗೆ ಒಂದು ಸಲವೂ ನೇರ ಬರಲಿಲ್ಲ.

ಹಾಗಾಗಿ ಜೇಬಲ್ಲಿ ಚಾಕು, ಡಿಕ್ಕಿಯಲ್ಲಿ ಬಟ್ಟೆ ಚೀಲ. ಮಲ್ಟಿಟೂಲ್ ಅಡುಗೆಮನೆ ಸೇರಿದೆ. ಕುಕ್ಕರ್ ಹಿಡಿ ಸಡಿಲವಾದಾಗ ಅಮ್ಮ ಅದರಲ್ಲೇ ಸ್ಕ್ರೂ ಬಿಗಿ ಮಾಡ್ತಾರೆ. "ಇದನ್ನ ಮಾತ್ರ ತೋಟಕ್ಕೆ ತಗೊಂಡು ಹೋಗಬೇಡಪ್ಪ" ಅಂತಾರೆ.