ತೇಗ ಅಂತ ಮೂಸಿಸಿ ಅಕೇಶಿಯಾ ಬಾಗಿಲು ಕೊಟ್ಟರು, ಬಿಲ್ ಓದಿ ಮಾರಾಯ್ರೆ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. 1,86,000 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ಮನೆ ಕಟ್ಟಿಸುತ್ತಿರುವವರು ಬಾಗಿಲಿಗೆ ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ಓದಿ.

ನಾನು ಸಾಗರದ ಕಡೆಯವನು. ಮರದ ಬಗ್ಗೆ ನನಗೆ ಗೊತ್ತು ಅನ್ನೋ ಸೊಕ್ಕಿತ್ತು. ಅಜ್ಜನ ಮನೆಯ ಹಲಸಿನ ಬಾಗಿಲು, ಮತ್ತಿಯ ತೊಲೆ, ಬೀಟೆಯ ಪೆಟ್ಟಿಗೆ ನೋಡಿಕೊಂಡೇ ಬೆಳೆದವನು. ಬೆಂಗಳೂರಿನಲ್ಲಿ ಮನೆ ಶುರು ಮಾಡಿದಾಗ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ನಾಲ್ಕು ಕಡೆ ತೇಗದ ರೇಟು ಕೇಳಿದೆ, ತಲೆ ತಿರುಗಿತು. ಆಮೇಲೆ ಪರಿಚಯದವರೊಬ್ಬರು ಊರಾಚೆ ಒಂದು ವರ್ಕ್‌ಶಾಪ್ ತೋರಿಸಿದರು. ಹೆಸರು ಹಾಕುವುದಿಲ್ಲ, ಕೇಸು ಗೀಸು ಅಂತ ಅಲೆಯುವ ಶಕ್ತಿ ನನಗಿಲ್ಲ.

ದೊಡ್ಡ ಶೆಡ್. ಮರ ಸೀಳುವ ಬ್ಯಾಂಡ್ ಸಾ, ಹಲಗೆ ಸವರುವ ಥಿಕ್ನೆಸ್ ಪ್ಲೇನರ್, ತೂತು ಕೊರೆಯುವ ಚೇನ್ ಮಷಿನ್, ಮೂಲೆಯಲ್ಲಿ ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ರೌಟರ್ ತನ್ನ ಪಾಡಿಗೆ ಗಜಲಕ್ಷ್ಮಿ ಕೆತ್ತುತ್ತಿತ್ತು. ನಾನು ಬಾಯಿ ಬಿಟ್ಟು ನೋಡಿ, ವಿಡಿಯೋ ಮಾಡಿ ಹೆಂಡತಿಗೆ ಕಳಿಸಿದೆ. ಮಷಿನ್‌ಗೇನು, ಯಾವ ಮರ ಹಾಕಿದರೂ ಕೆತ್ತುತ್ತೆ. ಅದು ಆಗ ಹೊಳೆಯಲಿಲ್ಲ. ಪಕ್ಕದಲ್ಲೊಂದು ಕಬ್ಬಿಣದ ಬಾಗಿಲಿನ ಕೋಣೆ, ಬೀಗ ಹಾಕಿತ್ತು. "ನಮ್ಮ ಸೀಸನಿಂಗ್ ಕಿಲ್ನ್ ಸಾರ್, ಒಳಗೆ ಲೋಡ್ ಇದೆ, ಈಗ ತೆಗೆಯೋ ಹಾಗಿಲ್ಲ" ಅಂದರು. ಅಂದರೆ ಮರ ಒಣಗಿಸುವ ಕೋಣೆ. ಸರಿ ಅಂದೆ.

ಆಮೇಲೆ ಮಾಲೀಕ ಒಂದು ತುಂಡು ತಂದು ಬೆಂಚಿಗೆ ಬಿಗಿದು ಕೈಯಲ್ಲೇ ಉಜ್ಜುಗೊರಡು ಎಳೆದ. ಉದ್ದಕ್ಕೆ ಸುರುಳಿಯಾಗಿ ಒಂದು ಸಿಪ್ಪೆ ಎದ್ದು ಬಂತು. ಅದನ್ನು ನನ್ನ ಅಂಗೈಗೆ ಹಾಕಿ "ಮೂಸಿ ನೋಡಿ ಸಾರ್, ನೀವು ಮಲೆನಾಡಿನವರು, ನಿಮಗೆ ನಾನೇನು ಹೇಳೋದು" ಅಂದ. ಮೂಸಿದೆ. ಹಳೇ ಚರ್ಮದಂಥ ವಾಸನೆ, ಬೆರಳಿಗೆ ಸ್ವಲ್ಪ ಎಣ್ಣೆಎಣ್ಣೆ. ತೇಗವೇ. "ದಾಂಡೇಲಿ ಮಾಲು" ಅಂದ, ತೇಗಕ್ಕೆ ಹೆಸರಾದ ಜಾಗ. ತೇವ ನೋಡುವ ಮೀಟರಿನ ಸೂಜಿ ಚುಚ್ಚಿದ, ಶೇಕಡಾ 11 ತೋರಿಸಿತು, ಅಂದರೆ ಚೆನ್ನಾಗಿ ಒಣಗಿದ ಮರ. ನಾನು ದೊಡ್ಡ ಆಚಾರಿಯ ಹಾಗೆ ತಲೆಯಾಡಿಸಿ ಅಲ್ಲೇ 80,000 ಫೋನ್‌ನಲ್ಲಿ ಹಾಕಿದೆ. ಆ ತುಂಡು ನಿಜವಾದ ತೇಗವೇ, ಅದರಲ್ಲಿ ನನಗೆ ಈಗಲೂ ಸಂಶಯ ಇಲ್ಲ. ಇವತ್ತು ಅದನ್ನು ಇನ್ಯಾರೋ ಮೂಸುತ್ತಿರಬಹುದು.

ಡಿಸೆಂಬರ್‌ನಲ್ಲಿ ಬಾಗಿಲು ಬಂತು. ಪಾಲಿಶ್ ಮಿರಮಿರ. ಸ್ಟೇಟಸ್‌ಗೆ ಬೇರೆ ಹಾಕಿದ್ದೆ, "ಅಪ್ಪಟ ತೇಗ" ಅಂತ. ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ.

ಮಾರ್ಚ್‌ನಲ್ಲಿ ದೇವರ ಮನೆ ಬಾಗಿಲು ತಿರುಚಿಕೊಂಡಿತು. ಕೆಳಗಿನ ಮೂಲೆ ಚೌಕಟ್ಟಿಗೆ ಕೂತರೆ ಮೇಲಿನ ಮೂಲೆ ಎರಡು ಬೆರಳು ಆಚೆ. ಒಂದು ಬೆಳಗ್ಗೆ ದೀಪ ಹಚ್ಚುವಾಗ ನೋಡುತ್ತೇನೆ, ಬಾಗಿಲಿನ ನಡುವಿನ ಹಲಗೆ ಒಣಗಿ ಕುಗ್ಗಿದೆ, ಎರಡೂ ಅಂಚಿನಲ್ಲಿ ದಾರದಷ್ಟು ಅಗಲದ ಬಿಳಿ ಗೆರೆ. ಪಾಲಿಶ್ ತಾಗದೇ ಇದ್ದ ಜಾಗ ಅದು. ಉಳಿದದ್ದೆಲ್ಲ ಜೇನಿನ ಬಣ್ಣ, ಅಲ್ಲಿ ಮಾತ್ರ ಬೇಯಿಸದ ಚಪಾತಿ ಬಣ್ಣ. ಅದನ್ನೇ ನೋಡುತ್ತ ನಿಂತುಬಿಟ್ಟೆ. ಬತ್ತಿ ಉರಿದು ಬೆರಳು ಸುಟ್ಟಿತು.

ಊರಿಂದ ನಮ್ಮ ಆಚಾರಿಯನ್ನೇ ಕರೆಸಿದೆ. ಅವನು ಬಾಗಿಲು ಬಿಚ್ಚಿ ಮೇಲಂಚಿಗೆ ಒಂದು ಸಲ ಉಜ್ಜುಗೊರಡು ಎಳೆದ. ಸಿಪ್ಪೆಯ ಒಂದು ಕಡೆ ಟೀ ಡಿಕಾಕ್ಷನ್ ಥರ ಬಣ್ಣ, ಇನ್ನೊಂದು ಕಡೆ ಪೇಲವ. ವಾಸನೆ ಏನೂ ಇಲ್ಲ. ಅವನು ನಕ್ಕ. "ಇದು ನಮ್ಮೂರ ಅಕೇಶಿಯಾ ಅಲ್ದಾ? ನಿಮ್ಮ ಬಚ್ಚಲ ಒಲೆಗೆ ಇದನ್ನೇ ಅಲ್ದಾ ಹಾಕೋದು?" ಅರಣ್ಯ ಇಲಾಖೆಯವರು ಮಲೆನಾಡಿನ ಗುಡ್ಡಗುಡ್ಡಕ್ಕೆ ನೆಟ್ಟ ಅದೇ ಅಕೇಶಿಯಾ. ಚಿಕ್ಕಂದಿನಿಂದ ನೋಡಿದ್ದು. ತೇಗದ ರೇಟು ಕೊಟ್ಟು ದೇವರ ಮನೆಗೆ ತಂದಿದ್ದೇನೆ. ಅಕೇಶಿಯಾ ಕೆಟ್ಟ ಮರ ಅಂತ ಅಲ್ಲ, ಚೆನ್ನಾಗಿ ಒಣಗಿಸಿದರೆ ಗಟ್ಟಿಯೇ. ಆದರೆ ಹಾಗಂತ ಹೇಳಿ ಮಾರಲಿ.

ಖಾತ್ರಿ ಇರಲಿ ಅಂತ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗೆ ಒಂದು ತುಂಡು ಕೊಟ್ಟೆ. ಫೀ ಕಟ್ಟಿದರೆ ಮರ ಯಾವುದು ಅಂತ ನೋಡಿ ಬರೆದುಕೊಡುತ್ತಾರೆ. ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಅಂತಲೇ ಬಂತು. ಮುಂಬಾಗಿಲ ಚೌಕಟ್ಟು ಮಾತ್ರ ತೇಗ.

ಈಗ ವರ್ಕ್‌ಶಾಪಿನವರ ಉತ್ತರಗಳು ಕೇಳಿ. ಮೊದಲು: "ಮರ ಅಂದ್ಮೇಲೆ ಉಸಿರಾಡುತ್ತೆ ಸಾರ್." ಆಮೇಲೆ: "ಮನೇಲಿ ಎಸಿ ಹಾಕ್ತೀರಾ?" ಎಸಿ ಇಲ್ಲ ಅಂದೆ. "ಹಂಗಾದ್ರೆ ಸೆಕೆಗೆ." ರಿಪೋರ್ಟ್ ಕಳಿಸಿದೆ, ನೀಲಿ ಟಿಕ್ ಬಂತು, ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಒಂದೇ ಸಾಲು: "ಬಿಲ್‌ನಲ್ಲಿ ಏನಿದೆ ನೋಡಿ ಸಾರ್."

ನೋಡಿದೆ. ಮುಂಬಾಗಿಲ ಚೌಕಟ್ಟಿಗೆ "ಟಿ.ಡಬ್ಲ್ಯು." ಅಂತಿದೆ, ಅಂದರೆ ಟೀಕ್ ವುಡ್, ತೇಗ. ಬಾಗಿಲುಗಳಿಗೆ "ಟಿ.ಡಬ್ಲ್ಯು. ಫಿನಿಶ್" ಅಂತಿದೆ. ಫಿನಿಶ್! ಅಂದರೆ ತೇಗದ ಥರ ಕಾಣುವ ಪಾಲಿಶ್ ಅಷ್ಟೇ, ಮರ ಯಾವುದೂ ಇರಬಹುದು. ಒಂದು ಪದ. ನನ್ನದೇ ಸಹಿ ಕೆಳಗೆ. ನಾನು ಟೋಟಲ್ ಮಾತ್ರ ನೋಡಿದ್ದೆ, ಎಲ್ಲರೂ ಅಷ್ಟೇ ಅಲ್ವಾ ನೋಡೋದು?

ಅಷ್ಟಾದ ಮೇಲೆ ಟೇಪು ಹಿಡಿದೆ. ಒಳಗಿನ ಮೂರು ಚೌಕಟ್ಟಿಗೂ 5×4 ಇಂಚಿನ ಲೆಕ್ಕ ಹಾಕಿದ್ದಾರೆ, ಇರುವುದು 5×3. ಒಂದು ಚೌಕಟ್ಟು 18 ಅಡಿ, ಬಿಲ್‌ನಲ್ಲಿ ಎರಡೂವರೆ ಸಿಎಫ್‌ಟಿ (ಘನ ಅಡಿ), ಬಂದದ್ದು 1.875. ಸಿಎಫ್‌ಟಿಗೆ 4,200ರಂತೆ ಮೂರಕ್ಕೆ 7,875 ರೂಪಾಯಿ ಸುಮ್ನೆ ಹೋಯಿತು. ಪ್ಲೇನರ್‌ಗೆ ಹಾಕಿದರೆ ಕಾಲು ಇಂಚು ಹೋಗುತ್ತೆ, ಒಪ್ಪುತ್ತೇನೆ. ಒಂದು ಇಂಚು ಎಲ್ಲಿ ಹೋಯಿತು ಅಂತ ಕೇಳಿದೆ. "ಮಷಿನ್ ತಿನ್ನುತ್ತೆ ಸಾರ್" ಅಂದ. ಖುದ್ದಾಗಿ ಹೋದಾಗ ಆ ಕಿಲ್ನ್ ಬಾಗಿಲು ತೆರೆದಿತ್ತು. ಒಳಗೆ ಪ್ಲೈವುಡ್ ಶೀಟು, ಒಂದು ಹಳೇ ಸ್ಕೂಟರ್.

ನಾನು ಹೇಳೋದಿಷ್ಟೇ. ಬಿಲ್‌ನಲ್ಲಿ ಪ್ರತಿ ಸಾಲಿಗೂ ಮರದ ಹೆಸರು ಪೂರ್ತಿ ಬರೆಸಿ, ಫಿನಿಶ್ ಅಂತಿದ್ದರೆ ಎದ್ದು ಬನ್ನಿ. ಪಾಲಿಶ್ ಹಾಕುವ ಮೊದಲು ಹೋಗಿ ಬಾಗಿಲನ್ನೇ ಮೂಸಿ, ಮೀಟರೂ ಅದಕ್ಕೇ ಚುಚ್ಚಿಸಿ, ಅವರು ಕೊಟ್ಟ ತುಂಡಿಗಲ್ಲ. ದಾಂಡೇಲಿ ಅಂದರೆ ಅರಣ್ಯ ಇಲಾಖೆಯ ಡಿಪೋ ಕಾಗದ ಕೇಳಿ. ಪರಿಚಯದವರು ತೋರಿಸಿದ ಜಾಗ ಅಂತ ಬಾಯಿ ಮುಚ್ಚಿಕೊಂಡಿರಬೇಡಿ, ಆ ಪರಿಚಯದವರು ಈಗ ನನ್ನ ಫೋನ್ ಎತ್ತುತ್ತಿಲ್ಲ.

ದುಡ್ಡು ವಾಪಸ್ ಬಂದಿಲ್ಲ. ದೇವರ ಮನೆ ಬಾಗಿಲಿಗೆ ಸದ್ಯಕ್ಕೆ ಒಂದು ದಾರ ಕಟ್ಟಿದ್ದೇವೆ. ನಿನ್ನೆ ಆ ವರ್ಕ್‌ಶಾಪ್ ಮಾಲೀಕನ ನಂಬರ್‌ನಿಂದ ಮೆಸೇಜ್ ಬಂತು. ದುಡ್ಡಿನ ವಿಷಯ ಇರಬೇಕು ಅಂತ ಗಡಿಬಿಡಿಯಲ್ಲಿ ತೆಗೆದರೆ ಎಲ್ಲರಿಗೂ ಕಳಿಸಿದ ಫಾರ್ವರ್ಡ್: "ಹೊಸ ದಾಂಡೇಲಿ ಲೋಡ್ ಬಂದಿದೆ, ಬಂದು ನೋಡಿ."