ಭಾವನೆಗಳ ಅಧ್ಯಯನಕ್ಕೆ ಟಿಡಿಸಿಎಸ್ ಕಿಟ್: ಪೆಟ್ಟಿಗೆಗಿಂತ ಸ್ಪಾಂಜಿನ ಮೇಲೆ ಕಣ್ಣಿರಲಿ

ಮನಸ್ಥಿತಿಯ ಮೇಲೆ ಪ್ರಯೋಗ ಮಾಡುವ ಲ್ಯಾಬ್‌ಗಳು ಕೊಳ್ಳುವ ಉಪಕರಣ ಇದು. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಪೆಟ್ಟಿಗೆ, ಎರಡು ತಂತಿ, ಎರಡು ಕಪ್ಪು ರಬ್ಬರ್ ಎಲೆಕ್ಟ್ರೋಡ್, ಅವನ್ನು ತೂರಿಸುವ ಸ್ಪಾಂಜ್ ಚೀಲಗಳು, ತಲೆಗೆ ಬಿಗಿಯುವ ಪಟ್ಟಿ. ತಲೆಬುರುಡೆಯ ಹೊರಗಿನಿಂದ 1ರಿಂದ 2 ಮಿಲಿಆಂಪಿಯರ್ ಏಕಮುಖ ವಿದ್ಯುತ್ತನ್ನು 20-30 ನಿಮಿಷ ಹರಿಸುವ ಈ ವಿಧಾನಕ್ಕೆ ಟಿಡಿಸಿಎಸ್ (ಟ್ರಾನ್ಸ್‌ಕ್ರೇನಿಯಲ್ ಡೈರೆಕ್ಟ್ ಕರೆಂಟ್ ಸ್ಟಿಮ್ಯುಲೇಷನ್) ಎನ್ನುತ್ತಾರೆ. ಕಂಪನಿಯಿಂದ ಕಂಪನಿಗೆ ಗುಂಡಿ, ಪರದೆ ಬದಲಾಗುತ್ತವೆ, ಒಳಗಿನ ಕೆಲಸ ಒಂದೇ. ಹಾಗಾಗಿ ಇಲ್ಲಿ ತೂಗಿ ನೋಡಿರುವುದು ಒಂದು ಬ್ರ್ಯಾಂಡನ್ನಲ್ಲ, ಈ ಮಾದರಿಯ ಕಿಟ್ಟನ್ನು.

ವಿದ್ಯುತ್ ಕೊಡುವ ಕೆಲಸವನ್ನು ಪೆಟ್ಟಿಗೆ ಚೆನ್ನಾಗಿಯೇ ಮಾಡುತ್ತದೆ. ಅಧ್ಯಯನಗಳು ಕೆಡುವುದು ಸ್ಪಾಂಜಿನಲ್ಲಿ, ಪಟ್ಟಿಯಲ್ಲಿ ಮತ್ತು ಹುಸಿ ಪ್ರಚೋದನೆಯಲ್ಲಿ (ಹೋಲಿಕೆಗಾಗಿ ವಿದ್ಯುತ್ ಕೊಟ್ಟಂತೆ ನಟಿಸುವುದು). ಕೈಪಿಡಿಗಳು ಅತಿ ಕಡಿಮೆ ಪುಟ ಕೊಡುವುದೂ ಈ ಮೂರಕ್ಕೇ.

ಮೊದಲು ಪೆಟ್ಟಿಗೆಯನ್ನೇ ನೋಡೋಣ. ಇದು ಸ್ಥಿರ ಪ್ರವಾಹದ ಉಪಕರಣ. ಚರ್ಮದ ರೋಧ ಏರಿದರೆ ವೋಲ್ಟೇಜನ್ನು ತಾನೇ ಏರಿಸಿ ಪ್ರವಾಹವನ್ನು ಹಾಗೇ ಉಳಿಸಿಕೊಳ್ಳುತ್ತದೆ. ಮನುಷ್ಯನ ತಲೆಗೆ ಕಟ್ಟುವ ಮುನ್ನ ಮೇಜಿನ ಮೇಲೆ ಪರೀಕ್ಷಿಸಿ. ಎರಡು ತಂತಿಗಳ ನಡುವೆ 5 ಕಿಲೋಓಮ್ ರೆಸಿಸ್ಟರ್ ಹಾಕಿ, ಮಲ್ಟಿಮೀಟರನ್ನು ವೋಲ್ಟ್ ಅಳೆಯಲು ಅದಕ್ಕೆ ಸಮಾನಾಂತರವಾಗಿ ಜೋಡಿಸಿ, 2 ಮಿಲಿಆಂಪಿಯರ್ ಕೊಡಿ. ರೆಸಿಸ್ಟರಿನ ಎರಡು ತುದಿಗಳ ನಡುವೆ 10 ವೋಲ್ಟ್ ಕಾಣಬೇಕು. ಬಳಿಕ 10 ಕಿಲೋಓಮ್ ಹಾಕಿದರೆ 20 ವೋಲ್ಟ್ ಬೇಕಾಗುತ್ತದೆ. ಬ್ಯಾಟರಿ ಅರ್ಧ ಖಾಲಿಯಾದ ಪೆಟ್ಟಿಗೆ ಮುಗ್ಗರಿಸುವುದು ಇಲ್ಲೇ. ಒಳ್ಳೆಯ ಪೆಟ್ಟಿಗೆ ಶಬ್ದ ಮಾಡಿ ನಿಲ್ಲುತ್ತದೆ. ಕೆಟ್ಟದ್ದು ಪರದೆಯ ಮೇಲೆ 2 ಎಂದೇ ತೋರಿಸುತ್ತಾ ಒಳಗೊಳಗೇ ಪ್ರವಾಹ ಇಳಿಸುತ್ತದೆ. ಎರಡನೆಯ ಬಗೆಯದು ಎಷ್ಟೇ ಅಗ್ಗವಾಗಿದ್ದರೂ ಬೇಡ. ಅದೇ ಹೊತ್ತಿನಲ್ಲಿ ಯಾವ ತಂತಿ ಧನ ಎಂಬುದನ್ನೂ ಮೀಟರಿನಲ್ಲೇ ಖಚಿತಪಡಿಸಿಕೊಳ್ಳಿ. ಕೆಂಪು ಎಂದರೆ ಆನೋಡ್ (ಧನ ತುದಿ) ಇರಲೇಬೇಕು ಎಂದು ನಂಬಿ ಕುಳಿತರೆ ಇಡೀ ಅಧ್ಯಯನ ತಲೆಕೆಳಗಾಗಬಹುದು.

ಪ್ರವಾಹ ಏರಲು, ಇಳಿಯಲು ತಲಾ 30 ಸೆಕೆಂಡ್ ಇರಲಿ. ನಡುವೆ ತಂತಿ ಕಳಚಿದರೆ ಪ್ರವಾಹ ಒಮ್ಮೆಲೇ ಬೀಳುತ್ತದೆ. ಕುಳಿತವರ ಕಣ್ಣಮುಂದೆ ಬೆಳಕು ಮಿಂಚುತ್ತದೆ, ಚುರ್ರೆನ್ನುತ್ತದೆ. ಭಾವನೆ ಅಳೆಯುವ ಪ್ರಯೋಗದಲ್ಲಿ ಆ ಒಂದು ಬೆಚ್ಚುವಿಕೆ ಸಾಕು, ಆ ದಿನದ ಅಂಕಗಳೆಲ್ಲ ವ್ಯರ್ಥ. ತಂತಿಯನ್ನು ಬಟ್ಟೆಗೆ ಟೇಪಿನಿಂದ ಅಂಟಿಸಿ, ಪಿನ್ ಮೇಲೆ ಎಳೆತ ಬೀಳದಂತೆ ನೋಡಿಕೊಳ್ಳಿ.

ಇನ್ನು ಸ್ಪಾಂಜ್. ವಾಡಿಕೆಯ ಅಳತೆ 5 ಗುಣಿಸು 7, ಅಂದರೆ 35 ಚದರ ಸೆಂಟಿಮೀಟರ್. 2 ಮಿಲಿಆಂಪಿಯರ್‌ಗೆ ಇದು ಚದರ ಸೆಂಟಿಮೀಟರಿಗೆ ಸುಮಾರು 0.057 ಮಿಲಿಆಂಪಿಯರ್ ಆಗುತ್ತದೆ. 25 ಚದರ ಸೆಂಟಿಮೀಟರಿನದನ್ನು ತೊಡಿಸಿದರೆ ಅದೇ 0.08ಕ್ಕೆ ಏರುತ್ತದೆ. ಹಾಗಾಗಿ ಸ್ಪಾಂಜಿನ ಅಳತೆ ಹೇಳದೆ ಬರೀ ‘2 ಮಿಲಿಆಂಪಿಯರ್ ಕೊಟ್ಟೆವು’ ಎಂದರೆ ಅರ್ಧ ಮಾತು. ರಬ್ಬರ್ ಪೂರ್ತಿ ಚೀಲದೊಳಗಿರಬೇಕು. ಅದರ ಮೂಲೆ ಇಣುಕಿ ಚರ್ಮಕ್ಕೆ ತಾಗಿದರೆ ಪ್ರವಾಹವೆಲ್ಲ ಅಲ್ಲೇ ನುಗ್ಗಿ ಸುಟ್ಟ ಗಾಯ ಮಾಡುತ್ತದೆ.

ನೆನೆಸಲು ನಲ್ಲಿ ನೀರು ಬೇಡ. ನಲ್ಲಿ ನೀರಿನ ಸ್ಪಾಂಜಿನಿಂದ ಚರ್ಮ ಸುಟ್ಟ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಉಪ್ಪಿನ ಸಾಂದ್ರತೆ 15ರಿಂದ 140 ಮಿಲಿಮೋಲಾರ್ ನಡುವೆ ಇದ್ದರೆ ಚುರುಚುರು ಕಡಿಮೆ. ಲೀಟರ್ ಶುದ್ಧ ನೀರಿಗೆ 8 ಗ್ರಾಂ ಉಪ್ಪು ಹಾಕಿದರೆ ಆ ಮಿತಿಯ ಮೇಲ್ತುದಿಗೆ ಹತ್ತಿರವಾಗುತ್ತದೆ. 35 ಚದರ ಸೆಂಟಿಮೀಟರ್ ಸ್ಪಾಂಜಿಗೆ ಪ್ರತಿ ಮುಖಕ್ಕೂ ಸುಮಾರು 6 ಮಿಲಿಲೀಟರ್ ಸಾಕು. ಸಿರಿಂಜ್‌ನಲ್ಲಿ ಅಳೆದು ಹಾಕಿ, ಬಟ್ಟಲಲ್ಲಿ ಅದ್ದಬೇಡಿ.

ಅದ್ದಿದರೆ ಏನಾಗುತ್ತದೆ? ನೀರು ತೊಟ್ಟಿಕ್ಕಿ ಎರಡು ಸ್ಪಾಂಜುಗಳ ನಡುವಿನ ಕೂದಲು ತೊಯ್ಯುತ್ತದೆ. ಪ್ರವಾಹಕ್ಕೆ ನೆತ್ತಿಯ ಮೇಲೆಯೇ ಸುಲಭದ ದಾರಿ ಸಿಗುತ್ತದೆ. ಪರದೆಯ ಮೇಲೆ ರೋಧ ಕಡಿಮೆಯಾಗಿ, ಎಲ್ಲ ಸೊಗಸಾಗಿದೆ ಅನ್ನಿಸುತ್ತದೆ, ಆದರೆ ಮಿದುಳಿಗೆ ಹೋಗಬೇಕಾದದ್ದು ಹೊರಗೇ ಹರಿದುಹೋಗಿರುತ್ತದೆ. ಇದು ಈ ಕಿಟ್ಟಿನ ಅತ್ಯಂತ ಮೋಸದ ದೋಷ, ಯಾವ ಅಲಾರಮ್ಮೂ ಇದನ್ನು ಹಿಡಿಯುವುದಿಲ್ಲ. ರೋಧ 5 ಕಿಲೋಓಮ್‌ಗಿಂತ ಕೆಳಗಿದ್ದರೆ ಒಳ್ಳೆಯದು ಎಂಬುದು ಸರಿ. ಆದರೆ ಏಕಾಏಕಿ ಅರ್ಧಕ್ಕಿಳಿದರೆ ಖುಷಿಪಡುವ ಬದಲು ನಡುವಿನ ಕೂದಲನ್ನು ಮುಟ್ಟಿ ನೋಡಿ. ಕೂದಲಲ್ಲಿ ಎಣ್ಣೆ ಅಥವಾ ಜೆಲ್ ಇದ್ದರೆ ತೊಳೆದು ಒಣಗಿಸಿ ಬರಲು ಮೊದಲೇ ಹೇಳಿ. ಆದರೆ ರೋಧ ಇಳಿಸಲೆಂದು ಚರ್ಮವನ್ನು ಉಜ್ಜಬೇಡಿ, ಉಜ್ಜಿದ ಜಾಗವೇ ಮೊದಲು ಸುಡುವುದು.

ಜಾಗದ ವಿಷಯ. ಮನಸ್ಥಿತಿಯ ಅಧ್ಯಯನಗಳಲ್ಲಿ ಆನೋಡ್ ಎಡ ಮುಂಭಾಗದ ಎಫ್3 ಬಿಂದುವಿನಲ್ಲಿ (ಮಿದುಳಿನ ವಿದ್ಯುತ್ ಅಳೆಯುವ ಇಇಜಿ ಪರೀಕ್ಷೆಯಲ್ಲಿ ತಲೆಯ ಮೇಲಿನ ಜಾಗಗಳಿಗೆ ಇರುವ ಹೆಸರುಗಳಲ್ಲೊಂದು), ಕ್ಯಾಥೋಡ್ (ಋಣ ತುದಿ) ಬಲಗಡೆಯ ಎಫ್4ನಲ್ಲಿ ಅಥವಾ ಬಲ ಹುಬ್ಬಿನ ಮೇಲೆ ಇಡುವುದು ರೂಢಿ. ಕಿಟ್ಟಿನ ಜೊತೆ ಬರುವ ಪಟ್ಟಿಯಿಂದ ಎಫ್3 ಸಿಗುವುದಿಲ್ಲ. ಇಇಜಿ ಟೋಪಿ ಇದ್ದರೆ ಅದರಿಂದ ಗುರುತು ಮಾಡಿ. ಇಲ್ಲದಿದ್ದರೆ ಟೇಪಿನಿಂದ ಮೂರು ಅಳತೆ ತೆಗೆಯಿರಿ: ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ, ಕಿವಿಯಿಂದ ಕಿವಿಗೆ, ತಲೆಯ ಸುತ್ತಳತೆ. ಈ ಮೂರರಿಂದ ಎಫ್3 ಲೆಕ್ಕ ಹಾಕುವ ಬೀಮ್ ವಿಧಾನ 2009ರಿಂದ ಬಳಕೆಯಲ್ಲಿದೆ. ಮುಂದಿನ ಭೇಟಿಗೂ ಅದೇ ಜಾಗ ಸಿಗುವಂತೆ ಅಳತೆಗಳನ್ನು ಬರೆದಿಡಿ. ಪಟ್ಟಿ ಹೊಸದಾಗಿದ್ದಾಗ ಬಿಗಿ, ತಿಂಗಳುಗಳು ಕಳೆದಂತೆ ಸಡಿಲ. 20 ನಿಮಿಷದ ಕೊನೆಗೆ ಸ್ಪಾಂಜ್ ಎಲ್ಲಿದೆ ಎಂದು ನೋಡುವವರು ಕಡಿಮೆ, ನೋಡಲೇಬೇಕು.

ಇಷ್ಟು ಕಾಳಜಿ ಯಾಕೆಂದರೆ ಒಳಗೆ ತಲುಪುವುದು ಬಹಳ ಕಡಿಮೆ. 2 ಮಿಲಿಆಂಪಿಯರ್ ಕೊಟ್ಟರೂ ಮಿದುಳಿನಲ್ಲಿ ಏಳುವ ವಿದ್ಯುತ್ ಕ್ಷೇತ್ರ ಮೀಟರಿಗೆ ಒಂದು ವೋಲ್ಟ್ ಮುಟ್ಟುವುದೂ ಕಷ್ಟ. ಅದು ನರಕೋಶವನ್ನು ಬಡಿದೆಬ್ಬಿಸುವುದಿಲ್ಲ, ಪ್ರತಿಕ್ರಿಯಿಸುವ ಒಲವನ್ನು ಕೊಂಚ ಆಚೀಚೆ ಸರಿಸುತ್ತದೆ ಅಷ್ಟೇ. ದೊಡ್ಡ ಸ್ಪಾಂಜ್ ಆದ್ದರಿಂದ ಪ್ರವಾಹ ಹರಡಿಕೊಳ್ಳುತ್ತದೆ, ‘ಇದೇ ಭಾಗವನ್ನು ಪ್ರಚೋದಿಸಿದೆವು’ ಎಂದು ಬೆರಳಿಟ್ಟು ಹೇಳಲಾಗದು. ಜಾಗದ ನಿಖರತೆಯೇ ನಿಮ್ಮ ಪ್ರಶ್ನೆಯಾದರೆ ನಡುವೆ ಒಂದು, ಸುತ್ತ ನಾಲ್ಕು ಪುಟ್ಟ ಎಲೆಕ್ಟ್ರೋಡ್ ಇರುವ ಜೆಲ್ ಮಾದರಿಗೆ ಹೋಗಿ. ಕಟ್ಟಲು ಹೆಚ್ಚು ಸಮಯ ಬೇಕು, ಆದರೆ ಕೊಟ್ಟ ಸಮಯಕ್ಕೆ ಬೆಲೆ ಇದೆ.

ಹುಸಿ ಪ್ರಚೋದನೆ ಈ ಕಿಟ್ಟಿನ ದುರ್ಬಲ ಅಂಗ. 30 ಸೆಕೆಂಡ್ ಏರಿಸಿ, ಅರ್ಧ ನಿಮಿಷ ಕೊಟ್ಟು, ಇಳಿಸಿಬಿಡುತ್ತದೆ. ಆರಂಭದ ತುರಿಕೆ ಎರಡರಲ್ಲೂ ಒಂದೇ ಆದ್ದರಿಂದ ಗೊತ್ತಾಗುವುದಿಲ್ಲ ಎಂಬುದು ಎಣಿಕೆ. 1 ಮಿಲಿಆಂಪಿಯರ್‌ನಲ್ಲಿ ಇದು ಬಹುಮಟ್ಟಿಗೆ ನಡೆಯುತ್ತದೆ. 2ರಲ್ಲಿ ತೆಗೆದ ಕೂಡಲೇ ಹಣೆ ಕೆಂಪಗಿರುತ್ತದೆ, ಪ್ರಯೋಗ ಮಾಡುವವರಿಗೇ ಗುಟ್ಟು ಬಿಚ್ಚಿಕೊಳ್ಳುತ್ತದೆ. ಸ್ಪಾಂಜ್ ಕಟ್ಟಿ ಬಿಚ್ಚುವವರು ಒಬ್ಬರು, ಭಾವನೆ ಅಳೆಯುವವರು ಇನ್ನೊಬ್ಬರು ಇರಲಿ. ಸಂಕೇತ ಸಂಖ್ಯೆ ಒತ್ತಿ ನಡೆಸುವ ಪೆಟ್ಟಿಗೆಯನ್ನೇ ಆರಿಸಿ, ಹುಸಿ ಹೊತ್ತಿನಲ್ಲೂ ಪರದೆ ಒಂದೇ ಥರ ಕಾಣುತ್ತದೆಯೇ ಎಂದು ಪರಿಶೀಲಿಸಿ. ಪ್ರತಿ ಭೇಟಿಯ ಕೊನೆಗೆ ‘ನಿಜವೋ ಹುಸಿಯೋ, ಎಷ್ಟು ಖಚಿತ’ ಎಂದು ಕೇಳಿ ದಾಖಲಿಸಿ. ಮನಸ್ಥಿತಿ ನಿರೀಕ್ಷೆಗೆ ಬೇಗ ಬಗ್ಗುವ ವಸ್ತು, ಈ ಒಂದು ಪ್ರಶ್ನೆ ಬಿಟ್ಟ ಅಧ್ಯಯನವನ್ನು ನಂಬುವುದು ಕಷ್ಟ.

ಫಲಿತಾಂಶದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. 1964ರಲ್ಲಿ ಲಿಪೋಲ್ಡ್ ಮತ್ತು ರೆಡ್‌ಫರ್ನ್, ಹಣೆಗೆ ಆನೋಡ್ ಇಟ್ಟಾಗ ಜನ ಲವಲವಿಕೆಯಿಂದ ಮಾತಾಡಿದರು, ಕ್ಯಾಥೋಡ್ ಇಟ್ಟಾಗ ಮೌನವಾದರು ಎಂದು ವರದಿ ಮಾಡಿದರು. 2009ರಲ್ಲಿ 21 ಆರೋಗ್ಯವಂತರ ಮೇಲೆ ಮತ್ತೆ ನೋಡಿದಾಗ ಅದು ಕಾಣಲಿಲ್ಲ. ಖಿನ್ನತೆಯ ಚಿಕಿತ್ಸೆಯಲ್ಲೂ ಚಿತ್ರ ಬೆರಕೆ. ಬ್ರೆಜಿಲ್‌ನ 245 ಜನರ 2017ರ ಅಧ್ಯಯನದಲ್ಲಿ ಇದು ಎಸ್ಸಿಟಲೋಪ್ರಾಮ್ ಮಾತ್ರೆಗೆ ಸರಿಸಾಟಿ ಎಂದು ತೋರಿಸಲಾಗಲಿಲ್ಲ. ಜರ್ಮನಿಯ 160 ಜನರ 2023ರ ಅಧ್ಯಯನದಲ್ಲಿ ಮಾತ್ರೆಯ ಜೊತೆ ಕೊಟ್ಟರೂ ಹುಸಿಗಿಂತ ಮೇಲಾಗಲಿಲ್ಲ. 174 ಜನ ಮನೆಯಲ್ಲೇ 10 ವಾರ ಬಳಸಿದ 2024ರ ಅಧ್ಯಯನದಲ್ಲಿ ಪ್ರಯೋಜನ ಕಂಡಿತು. ಹೀಗಿರುವಾಗ ಆರೋಗ್ಯವಂತರಿಗೆ ಒಮ್ಮೆ 20 ನಿಮಿಷ ಕೊಟ್ಟು ‘ಖುಷಿಯಾಯಿತೇ’ ಎಂದು ಕೇಳುವ ಯೋಜನೆಗೆ ಈ ಕಿಟ್ ಕೊಳ್ಳಬೇಡಿ. ಭಾವನೆ ಕೆರಳಿಸುವ ಚಿತ್ರಗಳಿಗೆ, ಮುಖಭಾವಗಳಿಗೆ ಗಮನ ಹೇಗೆ ಹರಿಯುತ್ತದೆ, ನಕಾರಾತ್ಮಕ ಚಿತ್ರ ನೋಡುತ್ತಾ ಭಾವನೆಯನ್ನು ಹತೋಟಿಗೆ ತರಲು ಎಷ್ಟಾಗುತ್ತದೆ ಎಂಬಂಥ ಕೆಲಸಗಳನ್ನು ಪ್ರಚೋದನೆಯ ಜೊತೆಜೊತೆಗೇ ಮಾಡಿಸುವುದು ಹೆಚ್ಚು ಅರ್ಥಪೂರ್ಣ. ಮನಸ್ಥಿತಿ ಅಳೆಯುವ 20 ಪದಗಳ ಪಾನಾಸ್ ಪ್ರಶ್ನಾವಳಿಯನ್ನು ಮೊದಲೂ ಕೊನೆಗೂ ತುಂಬಿಸಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಸುಮ್ಮನೆ 20 ನಿಮಿಷ ಕೂತರೂ ಬೇಸರದಿಂದ ಅಂಕ ಇಳಿಯುತ್ತದೆ. ಒಬ್ಬರ ಮೇಲೇ ನಿಜ, ಹುಸಿ ಎರಡನ್ನೂ ಮಾಡುವುದಾದರೆ ನಡುವೆ ಕನಿಷ್ಠ 48 ಗಂಟೆ ಬಿಡಿ, ವಾರ ಬಿಟ್ಟರೆ ಇನ್ನೂ ವಾಸಿ.

ತಲೆಯಲ್ಲಿ ಲೋಹ, ಪೇಸ್‌ಮೇಕರ್‌ನಂಥ ಅಳವಡಿಕೆ, ಮೂರ್ಛೆರೋಗ, ಎಲೆಕ್ಟ್ರೋಡ್ ಕೂರುವಲ್ಲಿ ಗಾಯ ಇರುವವರನ್ನು ಸೇರಿಸಬೇಡಿ. ಖಿನ್ನತೆ ಇರುವವರಲ್ಲಿ ಉನ್ಮಾದ ಕಾಣಿಸಿಕೊಂಡ ವರದಿಗಳಿರುವುದರಿಂದ ಮನೋವೈದ್ಯರಿಲ್ಲದೆ ಅವರ ಮೇಲೆ ಪ್ರಯೋಗ ಸಲ್ಲದು. ನೈತಿಕ ಸಮಿತಿಯ ಒಪ್ಪಿಗೆ ಆರೋಗ್ಯವಂತರು, ಖಿನ್ನತೆ ಇರುವವರು ಇಬ್ಬರ ವಿಷಯದಲ್ಲೂ ಬೇಕೇಬೇಕು.

ಹಣ ಕೊಡುವ ಮುನ್ನ ಮಾರುವವರಿಂದ ಎರಡು ಸಂಗತಿ ಬರೆಸಿಕೊಳ್ಳಿ: ಪೆಟ್ಟಿಗೆ ಗರಿಷ್ಠ ಎಷ್ಟು ವೋಲ್ಟ್ ಕೊಡಬಲ್ಲದು, ಪ್ರವಾಹ ಮತ್ತು ರೋಧವನ್ನು ಸೆಕೆಂಡ್ ಸೆಕೆಂಡಿಗೂ ಕಡತದಲ್ಲಿ ಉಳಿಸುತ್ತದೆಯೇ. ಸ್ಪಾಂಜುಗಳನ್ನು ಭಾಗವಹಿಸುವವರ ಸಂಖ್ಯೆಗೆ ತಕ್ಕಷ್ಟು ಹೆಚ್ಚುವರಿಯಾಗಿ ತರಿಸಿ, ಒಬ್ಬರದನ್ನು ಇನ್ನೊಬ್ಬರಿಗೆ ಬಳಸದಂತೆ. ಅದೇ ವ್ಯಕ್ತಿಗೆ ಮತ್ತೆ ಬಳಸುವಾಗಲೂ ಉಪ್ಪು ಹೋಗುವಂತೆ ತೊಳೆದು ಒಣಗಿಸಿ. ರಬ್ಬರ್ ತೆಳುವಾದರೆ, ಪಿನ್ ತೂತು ಸಡಿಲವಾದರೆ ಅದನ್ನು ಮತ್ತೆ ತಲೆಗೆ ಕಟ್ಟದೆ ಎಸೆಯಿರಿ.